ಸಹಾಯ ಬೇಕು: ದಾವಣಗೆರೆಯಲ್ಲಿ ಏಷ್ಯಾ ಕಪ್ ಮಾದರಿ ಬ್ಯಾಸ್ಕೆಟ್‌ಬಾಲ್ ಟೂರ್ನಿ
ಸ್ನೇಹಿತರೇ, 16 ತಂಡಗಳ ಪುರುಷರ ಟೂರ್ನಿ ಇಟ್ಕೊಂಡಿದೀವಿ. ಮಾದರಿ 2025ರ ಜೆಡ್ಡಾ ಏಷ್ಯಾ ಕಪ್‌ನದೇ: ನಾಲ್ಕು ಗುಂಪು, ಮೊದಲ ಸ್ಥಾನದವರು ನೇರ ಕ್ವಾರ್ಟರ್ ಫೈನಲ್‌ಗೆ, ಎರಡು-ಮೂರನೇ ಸ್ಥಾನದವರು ಇನ್ನೊಂದು ಪಂದ್ಯ ಗೆದ್ದು ಬರಬೇಕು. ಮೂರನೇ ಸ್ಥಾನದ ಪಂದ್ಯ ಬಿಟ್ಟರೂ ಒಟ್ಟು 35 ಪಂದ್ಯ ಆಗುತ್ತೆ. ಒಂದೇ ಕೋರ್ಟಲ್ಲಿ ವಾರ ಸಾಲಲ್ಲ. ಹರಿಹರದ ಕಡೆ ಎರಡನೇ ಕೋರ್ಟ್ ಸಿಗುತ್ತಾ?

ಮುಖ್ಯವಾಗಿ ಬೇಕಿರೋದು ಬಾಡಿಗೆಗೆ ಒಂದು ಜೊತೆ ಶಾಟ್ ಕ್ಲಾಕ್, ಅಂದ್ರೆ ಬಾಲ್ ಇರೋ ತಂಡ ಶಾಟ್ ಹೊಡೆಯೋಕೆ ಉಳಿದ ಸೆಕೆಂಡ್ ತೋರಿಸೋ ಗಡಿಯಾರ. ಬರೀ 24 ಸೆಕೆಂಡಿಗೇ ರೀಸೆಟ್ ಆಗೋ ಹಳೇದು ಬೇಡ. ಬಾಲ್ ರಿಂಗಿಗೆ ತಾಗಿ ಮತ್ತೆ ದಾಳಿ ಮಾಡಿದ ತಂಡಕ್ಕೇ ಸಿಕ್ಕರೆ 14 ಸೆಕೆಂಡ್ ಬರಬೇಕು. ಜಗಳ ಹತ್ತೋದೇ ಅಲ್ಲಿ. ಬಟನ್ ಒತ್ತೋಕೆ ನಿಯಮ ಗೊತ್ತಿರೋರೇ ಬೇಕು, ಚಿತ್ರದುರ್ಗದವರಾದರೂ ಸರಿ, ಊಟ-ಬಸ್ ಚಾರ್ಜ್ ನಮ್ಮದು.

ಇನ್ನೊಂದು, ಗೆರೆ. ನಮ್ಮ ಸಿಮೆಂಟ್ ಕೋರ್ಟಲ್ಲಿ ಇನ್ನೂ 6.25 ಮೀಟರಿನ ಹಳೇ ತ್ರೀ ಪಾಯಿಂಟ್ ಗೆರೆ (ಇದರಾಚೆಯಿಂದ ಬಾಲ್ ಹಾಕಿದರೆ ಮೂರು ಅಂಕ) ಇದೆ, ಈಗಿನದು 6.75. ಪೇಂಟರ್‌ಗಳು ಹಗ್ಗ ಹಿಡಿದು ಕಮಾನು ಎಳೀತಾರೆ; ಹಗ್ಗ ಹಿಗ್ಗಿ ಒಂದು ಕಡೆ ದೊಡ್ಡದಾಗುತ್ತೆ. ಸ್ಟೀಲ್ ಟೇಪಲ್ಲಿ, ಎಂಡ್ ಲೈನ್ (ರಿಂಗಿನ ಹಿಂದಿನ ಕೋರ್ಟಿನ ಕೊನೇ ಗೆರೆ) ಒಳಅಂಚಿಂದ 1.575 ಮೀಟರ್ ಒಳಗೆ, ರಿಂಗಿನ ನಡುವಿನ ನೇರ ಕೆಳಗೆ ಬಿಂದು ಇಟ್ಟು ಅಳೆಯೋ ಪೇಂಟರ್ ಗೊತ್ತಿದ್ದರೆ ನಂಬರ್ ಇನ್‌ಬಾಕ್ಸ್ ಮಾಡಿ.