ಪ್ರಶ್ನೋತ್ತರ: ಅಮೆರಿಕದ ಮಿನೆಸೋಟದ ಮನೆಯ ಅಟ್ಟಕ್ಕೆ ಇನ್ಸುಲೇಷನ್ (ಶಾಖ ತಡೆಯುವ ಹೊದಿಕೆ), ಖರ್ಚೆಷ್ಟು?

ನಿರ್ವಾಹಕರು: ಮಿನಿಯಾಪೊಲಿಸ್ ಸುತ್ತಮುತ್ತ ಮನೆಗಳ ಶಾಖ ತಪಾಸಣೆ ಮಾಡುವ ನಮ್ಮ ಸದಸ್ಯರು ಇಂದು ಉತ್ತರಿಸುತ್ತಾರೆ. ಮನೆ ಕಟ್ಟಿದ ವರ್ಷ ಮತ್ತು ಅಟ್ಟದ ಅಳತೆ ಬರೆಯಿರಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಪ್ಲಿಮತ್ ಸದಸ್ಯೆ: 1961ರ ಮನೆ, ಅಟ್ಟ 1,000 ಚದರ ಅಡಿ. ಮೂರೂವರೆ ಅಂಗುಲದ ಹಳೆಯ ಫೈಬರ್‌ಗ್ಲಾಸ್ ಇದೆ. ಎಷ್ಟಾಗಬಹುದು?

ತಪಾಸಕರು: ಈಗಿರುವುದು ಹೆಚ್ಚೆಂದರೆ ಆರ್-11. ಆರ್ ಎಂದರೆ ಶಾಖ ತಡೆಯುವ ಶಕ್ತಿಯ ಅಳತೆ, ಅಂಕಿ ದೊಡ್ಡದಾದಷ್ಟೂ ಒಳ್ಳೆಯದು. ಸೆಲ್ಯುಲೋಸ್ ಊದಿಸಿ ಆರ್-49ಕ್ಕೆ ಏರಿಸಲು 2,000ದಿಂದ 3,500 ಡಾಲರ್ ಕೇಳುತ್ತಾರೆ. ಅದಕ್ಕೂ ಮೊದಲು ಗಾಳಿ ಸೋರುವ ಜಾಗಗಳನ್ನು ಮುಚ್ಚಿಸಿ: ಚಿಮಣಿಯ ಸುತ್ತ, ಕೊಳವೆ ಮತ್ತು ತಂತಿ ಹಾದ ತೂತುಗಳು, ಅಟ್ಟದ ಬಾಗಿಲು. ಅದಕ್ಕೆ ಇನ್ನೂ ಐನೂರರಿಂದ ಸಾವಿರ. ಹೊದಿಕೆಯೊಂದರಿಂದಲೇ ವರ್ಷಕ್ಕೆ ಸುಮಾರು 140 ಥರ್ಮ್ (ಬಿಲ್ಲಿನಲ್ಲಿ ಬರುವ ಅನಿಲದ ಅಳತೆ) ಅನಿಲ ಉಳಿಯುತ್ತದೆ. ಥರ್ಮ್‌ಗೆ ಒಂದು ಡಾಲರ್ ಹಿಡಿದರೆ 140 ಡಾಲರ್. ಎರಡೇ ವರ್ಷದಲ್ಲಿ ದುಡ್ಡು ವಾಪಸ್ ಎನ್ನುವ ಮಾರಾಟಗಾರನಿಗೆ ಚಹಾ ಕೊಟ್ಟು ಕಳುಹಿಸಿ.

ಈಡನ್ ಪ್ರೈರಿ ಸದಸ್ಯ: 1994ರ ಮನೆ, ಆರ್-38 ಇದೆ. ಆರ್-60 ಮಾಡಿಸಲು 1,500 ಡಾಲರ್ ಕೇಳಿದ್ದಾರೆ. ಮಾಡಿಸಲೇ?

ತಪಾಸಕರು: ವರ್ಷಕ್ಕೆ 20 ಡಾಲರ್ ಉಳಿಯುತ್ತದೆ. ಬೇಡ.

ಡುಲುತ್ ಸದಸ್ಯೆ: ಸೂರಿನಲ್ಲಿ ಮೊಳದುದ್ದದ ಹಿಮಗಡ್ಡೆ ಜೋತಿದೆ, ಗೋಡೆಯ ಒಳಗೆ ನೀರಿಳಿಯುತ್ತಿದೆ. ಅಟ್ಟದ ಮೊಳೆಗಳ ತುದಿಯಲ್ಲಿ ಬಿಳಿಯ ಹಿಮದ ಹರಳು ಕಟ್ಟಿದೆ.

ತಪಾಸಕರು: ಸ್ನಾನದ ಮನೆಯ ಫ್ಯಾನಿನ ಕೊಳವೆ ಎಲ್ಲಿಗೆ ಹೋಗಿದೆ ನೋಡಿ. ಛಾವಣಿಯ ಹೊರಗೆ ಹೋಗದೆ ಅಟ್ಟದಲ್ಲೇ ಬಾಯಿ ತೆರೆದಿರಬೇಕು. ಅಲ್ಲಿನ ಆವಿಯೇ ಮೊಳೆಯ ಮೇಲೆ ಹೆಪ್ಪುಗಟ್ಟಿದೆ. ಸೋರುವ ಬಿಸಿಗಾಳಿ ಛಾವಣಿಯ ಹಿಮವನ್ನು ಕರಗಿಸುತ್ತದೆ, ನೀರು ತಣ್ಣನೆಯ ಸೂರಿಗೆ ಬಂದು ಮತ್ತೆ ಗಡ್ಡೆಯಾಗುತ್ತದೆ. ಮೊದಲು ಕೊಳವೆ ಸರಿಪಡಿಸಿ, ಸೋರಿಕೆ ಮುಚ್ಚಿ. ಹೊದಿಕೆ ಆಮೇಲೆ.

ರಾಚೆಸ್ಟರ್ ಸದಸ್ಯ: ನಮ್ಮ ಕುಟುಂಬದ ಗುಂಪಿನಲ್ಲಿ ಬಂದದ್ದು: «ಚಳಿಗಾಲದಲ್ಲಿ ಸೂರಿನ ಗಾಳಿಕಿಂಡಿಗಳಿಗೆ ಹಳೆಯ ಬಟ್ಟೆ ತುರುಕಿ, ಜಂತಿಗಳ ನಡುವೆ ಹಳೆಯ ಪತ್ರಿಕೆ ತುಂಬಿ, ಮೇಲೆ ಅಲ್ಯೂಮಿನಿಯಂ ಹಾಳೆ ಹಾಸಿ. ಖರ್ಚು ಸೊನ್ನೆ.» ಇದು ಸರಿಯೇ?

ತಪಾಸಕರು: ಕಿಂಡಿ ಮುಚ್ಚಿದರೆ ತೇವ ಹೊರಹೋಗದೆ ಹಲಗೆಗೆ ಬೂಷ್ಟು ಹಿಡಿಯುತ್ತದೆ. ಸೆಲ್ಯುಲೋಸ್ ಕೂಡ ಹಳೆಯ ಪತ್ರಿಕೆಯೇ, ಆದರೆ ಬೆಂಕಿ ಹಿಡಿಯದಂತೆ ಬೋರೇಟ್ ಬೆರೆಸಿರುತ್ತಾರೆ. ನೀವು ತುಂಬುವುದು ಬರಿಯ ಸೌದೆ.

ಬ್ಲೂಮಿಂಗ್ಟನ್ ಸದಸ್ಯ: ಇಷ್ಟೆಲ್ಲ ಏಕೆ? ಇಂತಿಷ್ಟು ಚೀಲ ಕೊಂಡರೆ ಅಂಗಡಿಯವರೇ ಊದುವ ಯಂತ್ರವನ್ನು ಪುಕ್ಕಟೆ ಕೊಡುತ್ತಾರೆ. ನಾನೂ ನನ್ನ ಭಾವನೂ ಒಂದು ಶನಿವಾರದಲ್ಲಿ 900 ಡಾಲರ್‌ಗೆ ಮುಗಿಸಿದೆವು.

ಪ್ಲಿಮತ್ ಸದಸ್ಯೆ: ಸೋರಿಕೆ ಮುಚ್ಚಿದಿರಾ?

ಬ್ಲೂಮಿಂಗ್ಟನ್ ಸದಸ್ಯ: ಹದಿನೇಳು ಅಂಗುಲ ಹಾಕಿದ ಮೇಲೆ ಗಾಳಿ ಎಲ್ಲಿಂದ ಸೋರುತ್ತದೆ?

ಪ್ಲಿಮತ್ ಸದಸ್ಯೆ: ಉಣ್ಣೆಯ ಸ್ವೆಟರ್ ಹಾಕಿಕೊಂಡು ಬಿರುಗಾಳಿಯಲ್ಲಿ ನಿಂತು ನೋಡಿ, ಗೊತ್ತಾಗುತ್ತದೆ.

ಸೇಂಟ್ ಪಾಲ್ ಸದಸ್ಯ: 1952ರ ಮನೆ, ಹೋದ ತಿಂಗಳು ಕೊಂಡದ್ದು. ಅಟ್ಟದಲ್ಲಿ ಜಂತಿಗಳ ನಡುವೆ ಅವಲಕ್ಕಿಗಿಂತ ದಪ್ಪನೆಯ ಕಾಳುಗಳು ಹರಡಿವೆ. ಬೂದು ಬಣ್ಣ, ಬೆಳಕು ಬಿದ್ದರೆ ಚಿನ್ನದ ಹೊಳಪು. ಕಾಳಿನ ಬದಿಯಲ್ಲಿ ಹಾರ್ಮೋನಿಯಂ ತಿದಿಯಂತೆ ಮಡಿಕೆಗಳು. ಈ ಭಾನುವಾರ ಎಲ್ಲವನ್ನೂ ಬಾಚಿ ಚೀಲಕ್ಕೆ ತುಂಬಿ ಹೊಸದು ಹಾಕಬೇಕೆಂದಿದ್ದೇನೆ. ಚೀಲಗಳನ್ನು ಎಲ್ಲಿ ಎಸೆಯಬೇಕು?

ತಪಾಸಕರು: ಬಾಚಬೇಡಿ. ಅಟ್ಟಕ್ಕೆ ಹತ್ತಲೇಬೇಡಿ. ನೀವು ಬಣ್ಣಿಸಿದ್ದು ವರ್ಮಿಕ್ಯುಲೈಟ್, ಹುರಿದು ಅರಳಿಸಿದ ಒಂದು ಖನಿಜ. 1919ರಿಂದ 1990ರವರೆಗೆ ಈ ದೇಶದಲ್ಲಿ ಮಾರಾಟವಾದ ವರ್ಮಿಕ್ಯುಲೈಟ್‌ನ ಬಹುಪಾಲು ಮೊಂಟಾನಾ ರಾಜ್ಯದ ಲಿಬ್ಬಿ ಗಣಿಯದು. ಆ ಅದಿರಿನಲ್ಲಿ ಕಲ್ನಾರು, ಅಂದರೆ ಉಸಿರಿನಲ್ಲಿ ಒಳಹೋದರೆ ಶ್ವಾಸಕೋಶಕ್ಕೆ ಕುತ್ತು ತರುವ ಆಸ್ಬೆಸ್ಟಾಸ್ ಎಳೆಗಳು, ಬೆರೆತಿತ್ತು. ಮಿನಿಯಾಪೊಲಿಸ್‌ನ ಈಶಾನ್ಯ ಭಾಗದಲ್ಲೇ 1989ರವರೆಗೆ ಅದನ್ನು ಹುರಿದು ಅರಳಿಸುವ ಕಾರ್ಖಾನೆಯಿತ್ತು. ಅಲ್ಲಿ ಉಳಿದ ಚರಟವನ್ನು ಪುಕ್ಕಟೆ ಕೊಟ್ಟರು. ಜನ ಅದನ್ನು ಹೂದೋಟಕ್ಕೂ ವಾಹನ ನಿಲ್ಲಿಸುವ ದಾರಿಗೂ ಸುರಿದುಕೊಂಡರು. ಹಾಗಾಗಿ ಈ ಊರಿನ ಹಳೆಯ ಮನೆಗಳಲ್ಲಿ ಅಂಥ ಕಾಳು ಕಂಡರೆ ನಾನು ಏಣಿಯಿಂದ ಇಳಿದು ಬಾಗಿಲು ಮುಚ್ಚುತ್ತೇನೆ. ಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಸೋರಿಕೆ ಅಳೆಯುವ ಬ್ಲೋವರ್ ಡೋರ್ ಪರೀಕ್ಷೆಯನ್ನೂ ಮಾಡುವುದಿಲ್ಲ, ಅದು ಅಟ್ಟದ ಧೂಳನ್ನು ಮನೆಯೊಳಗೆ ಎಳೆಯುತ್ತದೆ.

ಒಂದು ಹಿಡಿ ಪರೀಕ್ಷೆಗೆ ಕಳುಹಿಸಿ ಇಲ್ಲ ಎಂದು ಬಂದರೂ ನಂಬುವಂತಿಲ್ಲ. ಕಲ್ನಾರು ಇದೆಯೆಂದೇ ಭಾವಿಸಿ ನಡೆಯಿರಿ ಎನ್ನುತ್ತದೆ ಪರಿಸರ ಸಂರಕ್ಷಣಾ ಸಂಸ್ಥೆ. ಕಲಕದಿದ್ದರೆ ಎಳೆಗಳು ಗಾಳಿಗೆ ಏಳುವುದಿಲ್ಲ. ಅಟ್ಟದಲ್ಲಿ ಸಾಮಾನು ಇಡಬೇಡಿ, ದೀಪದ ಸುತ್ತಲಿನ ಬಿರುಕುಗಳನ್ನು ಕೆಳಗಿನಿಂದಲೇ ಮುಚ್ಚಿ. ತೆಗೆಸಬೇಕೆಂದರೆ ಕಲ್ನಾರು ತೆಗೆಯುವ ಪರವಾನಗಿ ಇದ್ದವರನ್ನೇ ಕರೆಯಿರಿ. ಹಲವು ಸಾವಿರ ಡಾಲರ್ ಆಗುತ್ತದೆ, ಹತ್ತು ಸಾವಿರ ದಾಟಿದ್ದನ್ನೂ ಕಂಡಿದ್ದೇನೆ. ಅದು ಝೋನೊಲೈಟ್ (ಲಿಬ್ಬಿ ಗಣಿಯ ವರ್ಮಿಕ್ಯುಲೈಟ್ ಮಾರಾಟವಾದ ಹೆಸರು) ಎಂದು ಸಾಬೀತಾದರೆ, ಗಣಿ ಕಂಪನಿಯ ದಿವಾಳಿ ಪ್ರಕರಣದಿಂದ ಹುಟ್ಟಿದ ಟ್ರಸ್ಟ್ ಖರ್ಚಿನ ಒಂದು ಭಾಗವನ್ನು ಕೊಡುತ್ತದೆ. ಅರ್ಜಿ ಹೇಗೆಂದು ಆಮೇಲೆ ಹೇಳುತ್ತೇನೆ. ಅಟ್ಟದ ಬಾಗಿಲು ಯಾವ ಕೋಣೆಯಲ್ಲಿದೆ?

ವುಡ್‌ಬರಿ ಸದಸ್ಯೆ: ಗರಾಜಿನ ಮೇಲಿನ ಕೋಣೆ ಸದಾ ತಣ್ಣಗಿರುತ್ತದೆ. ಏನು ಮಾಡಬಹುದು?

ಈಗನ್ ಸದಸ್ಯ: ತೆರಿಗೆಯಲ್ಲಿ 30 ಶೇಕಡಾ ರಿಯಾಯಿತಿ ಇದೆಯಲ್ಲ?

ತಪಾಸಕರು: 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಇದ್ದಾಗಲೂ ಸಾಮಗ್ರಿಗೆ ಮಾತ್ರ, ಕೂಲಿಗೆ ಅಲ್ಲ.

ಮೇಪಲ್ ಗ್ರೋವ್ ಸದಸ್ಯ: ತೆರಿಗೆ ರಿಯಾಯಿತಿ ಎಷ್ಟು ಸಿಗುತ್ತದೆ?

ತಪಾಸಕರು: ಮೇಲೆ ಓದಿ.

ಬ್ಲೂಮಿಂಗ್ಟನ್ ಸದಸ್ಯ: ಕಲ್ನಾರಿಗೆ ಇಷ್ಟು ಹೆದರಬೇಕೇ? ನಮ್ಮೂರಿನಲ್ಲಿ ಶಾಲೆಗೇ ಸಿಮೆಂಟ್ ಶೀಟಿನ ಛಾವಣಿ. ನಾವೆಲ್ಲ ಅದರಡಿಯೇ ಓದಿ ಬಂದವರು.

ಡುಲುತ್ ಸದಸ್ಯೆ: ಆ ಶೀಟಿನಲ್ಲಿ ಅದು ಸಿಮೆಂಟಿಗೆ ಅಂಟಿರುತ್ತದೆ. ಇಲ್ಲಿ ಬಿಡಿ ಧೂಳು. ಗೊತ್ತಿಲ್ಲದಿದ್ದರೆ ಸುಮ್ಮನಿರಬಹುದು.

ಬ್ಲೂಮಿಂಗ್ಟನ್ ಸದಸ್ಯ: ಗುಂಪಿನಲ್ಲಿ ಮಾತನಾಡಲೂ ಈಗ ಪರವಾನಗಿ ಬೇಕೇನೋ.

ರಾಚೆಸ್ಟರ್ ಸದಸ್ಯ: ಇನ್ನೊಂದು ಬಂದಿದೆ: «ಛಾವಣಿಗೆ ಬಿಳಿ ಬಣ್ಣ ಬಳಿದರೆ ಮನೆಯ ಉಷ್ಣಾಂಶ ಐದು ಡಿಗ್ರಿ…»

ತಪಾಸಕರು: ಅದು ಬಳ್ಳಾರಿಯ ಬಿಸಿಲಿಗೆ. ನಿಮ್ಮ ಛಾವಣಿಗೆ ನಾಲ್ಕು ತಿಂಗಳು ದೇವರೇ ಬಿಳಿ ಬಳಿದಿರುತ್ತಾನೆ. ನಿರ್ವಾಹಕರೇ, ಇವರ ಫಾರ್ವರ್ಡ್ ನಿಲ್ಲಿಸುತ್ತೀರಾ, ನಾನು ಹೋಗಲೇ?

ಸೇಂಟ್ ಪಾಲ್ ಸದಸ್ಯ: ಕ್ಷಮಿಸಿ, ತಡವಾಯಿತು. ಅಟ್ಟದ ಬಾಗಿಲು ಮಗಳ ಕೋಣೆಯ ಬಟ್ಟೆಯ ಅಲಮಾರಿನೊಳಗಿದೆ. ಇನ್ನೊಂದು ವಿಷಯ. ಕಳೆದ ವಾರವೇ ಒಂದು ಮೂಲೆಗೆ ವ್ಯಾಕ್ಯೂಮ್ ಹಾಕಿದ್ದೆ. ಯಂತ್ರ ತುಂಬಿದೆ, ಗರಾಜಿನಲ್ಲಿದೆ.

ತಪಾಸಕರು: ಯಂತ್ರವನ್ನು ಬಿಚ್ಚಬೇಡಿ, ಖಾಲಿ ಮಾಡಬೇಡಿ. ಅದರ ಫಿಲ್ಟರ್ ಈ ಎಳೆಗಳನ್ನು ತಡೆಯುವುದಿಲ್ಲ. ಮಗಳನ್ನು ಇವತ್ತೇ ಬೇರೆ ಕೋಣೆಯಲ್ಲಿ ಮಲಗಿಸಿ. ಅಲಮಾರಿನ ಬಟ್ಟೆಗಳನ್ನು ಕೊಡವಬೇಡಿ. ಉಳಿದವರ ಪ್ರಶ್ನೆಗಳು ಇನ್ನೊಂದು ದಿನಕ್ಕೆ. ನಿಮಗೆ ಈಗಲೇ ಕರೆ ಮಾಡುತ್ತಿದ್ದೇನೆ, ಎತ್ತಿಕೊಳ್ಳಿ.