ಮಾಲ್ವಿನಾ: ಕೆಲ್ಟಿಕ್ ಹೆಸರೋ, ಮ್ಯಾಕ್‌ಫರ್ಸನ್ ಕಟ್ಟಿದ ಹೆಸರೋ?

ಪದಮೂಲ
ಹೆಸರಿಡುವ ಜಾಲತಾಣಗಳಲ್ಲಿ ‘ಮಾಲ್ವಿನಾ’ ಎಂದು ಹುಡುಕಿದರೆ ‘ಪ್ರಾಚೀನ ಕೆಲ್ಟಿಕ್ ಹೆಸರು, ನಯವಾದ ಹುಬ್ಬಿನವಳು ಎಂದರ್ಥ, ಬಹಳ ಅಪರೂಪ’ ಎಂದು ಬರುತ್ತದೆ. ಇದರಲ್ಲಿ ‘ಪ್ರಾಚೀನ’ ಅನ್ನುವ ಮಾತು ನಿಲ್ಲುವುದಿಲ್ಲ. ಸ್ಕಾಟ್ಲೆಂಡಿನ ಜೇಮ್ಸ್ ಮ್ಯಾಕ್‌ಫರ್ಸನ್ 1760ರಿಂದ 1763ರೊಳಗೆ ಕೆಲವು ಗದ್ಯಕಾವ್ಯಗಳನ್ನು ಪ್ರಕಟಿಸಿದ. ಮೂರನೇ ಶತಮಾನದ ಓಷಿಯನ್ ಎಂಬ ಕುರುಡು ಕವಿ ಗೇಲಿಕ್‌ನಲ್ಲಿ (ಸ್ಕಾಟ್ಲೆಂಡಿನ ಕೆಲ್ಟಿಕ್ ಭಾಷೆ) ಹಾಡಿದ್ದನ್ನು ತಾನು ಇಂಗ್ಲಿಷಿಗೆ ತಂದಿದ್ದೇನೆ ಎಂದ. ಮಾಲ್ವಿನಾ ಅಲ್ಲಿ ಬರುವ ಹೆಣ್ಣು. ಟಾಸ್ಕರನ ಮಗಳು, ಓಷಿಯನ್‌ನ ಮಗ ಆಸ್ಕರನನ್ನು ಪ್ರೀತಿಸಿದವಳು. ಆಸ್ಕರ್ ಸತ್ತ ಮೇಲೆ ಆ ಮುದಿ ಕವಿಗೆ ಜೊತೆಯಾಗಿದ್ದವಳು. ಓಷಿಯನ್, ಆಸ್ಕರ್, ಓಷಿಯನ್‌ನ ತಂದೆ ಫಿಂಗಲ್ ಮೂವರಿಗೂ ಹಳೆಯ ಬೇರಿದೆ: ಐರ್ಲೆಂಡಿನ ಕಥೆಗಳ ಒಶೀನ್, ಒಸ್ಕರ್, ಫಿನ್ ಅವರೇ ಇವರು. 1200ರ ಸುಮಾರಿನ ‘ಹಿರಿಯರ ಸಂವಾದ’ ಎಂಬ ಐರಿಷ್ ಗ್ರಂಥದಲ್ಲೂ ಅವರಿದ್ದಾರೆ. ಮಾಲ್ವಿನಾ ಮಾತ್ರ ಇಲ್ಲ. ಅವಳು ಮ್ಯಾಕ್‌ಫರ್ಸನ್ ಹುಟ್ಟಿಸಿದವಳು.

ಸಂಧಿಪ್ರಿಯ
ಪಾತ್ರ ಅವನದು, ಸರಿ. ಆದರೆ ಹೆಸರಿನ ಎರಡೂ ಪದ ಶುದ್ಧ ಗೇಲಿಕ್. ‘ಮಲ’ ಅಂದರೆ ಹುಬ್ಬು, ‘ಮೀನ್’ ಅಂದರೆ ನಯವಾದದ್ದು, ಮೃದುವಾದದ್ದು. ಆ ಭಾಷೆಯಲ್ಲಿ ವಿಶೇಷಣ ನಾಮಪದದ ನಂತರ ಬರುತ್ತದೆ. ‘ಮಲ’ ಸ್ತ್ರೀಲಿಂಗ ಪದವಾದ್ದರಿಂದ ಅದರ ನಂತರ ಬರುವ ವಿಶೇಷಣದ ಮೊದಲ ವ್ಯಂಜನ ಸಡಿಲಗೊಳ್ಳಬೇಕು, ಮಕಾರ ವಕಾರವಾಗುತ್ತದೆ. ನಮ್ಮಲ್ಲಿ ಮೆಲ್ + ಮಾತು ‘ಮೆಲ್ವಾತು’ ಆದಂತೆಯೇ, ಮಲ + ಮೀನ್ ‘ಮಲವೀನ್’ ಆಗುತ್ತದೆ. ಕೊನೆಯ ‘ಆ’ ಒಂದೇ ಲ್ಯಾಟಿನ್ ಮಾದರಿಯ ಬಾಲ. ವ್ಯಾಕರಣ ತಪ್ಪಿಲ್ಲದೆ ಕಟ್ಟಿದ ಹೆಸರನ್ನು ಕೆಲ್ಟಿಕ್ ಅಲ್ಲ ಎಂದು ತಳ್ಳಿಹಾಕುವುದು ಹೇಗೆ? ಮ್ಯಾಕ್‌ಫರ್ಸನ್‌ಗೆ ಮನೆಮಾತಾಗಿ ಗೇಲಿಕ್ ಬರುತ್ತಿತ್ತು. ‘ಎಂ’, ‘ಎಚ್’ ಎರಡೂ ಸೇರಿದಲ್ಲಿ ‘ವಿ’ ಎಂದು ಓದಬೇಕು ಎಂದು ಅವನೇ ಅಡಿಟಿಪ್ಪಣಿಯಲ್ಲಿ ಬರೆದಿದ್ದಾನೆ.

ಪದಮೂಲ
ಭಾಷೆ ಕೆಲ್ಟಿಕ್ ಎಂಬುದಕ್ಕೆ ನನ್ನ ತಕರಾರಿಲ್ಲ, ಸಂಧಿಪ್ರಿಯ ಅವರೇ. ತಕರಾರು ಕಾಲದ ಬಗ್ಗೆ. ಇಲ್ಲಿ ಅನೇಕರು ಬೀಳುವ ಹಳ್ಳವೊಂದಿದೆ. ‘ಓಷಿಯನ್‌ನ ಗೇಲಿಕ್ ಮೂಲ ಮುದ್ರಣವಾಗಿದೆ, ಅದರಲ್ಲಿ ಮಾಲ್ವಿನಾ ಇದ್ದಾಳೆ’ ಎಂದು ತೋರಿಸುತ್ತಾರೆ. ಆ ಪುಸ್ತಕ ಬಂದದ್ದು 1807ರಲ್ಲಿ, ಮ್ಯಾಕ್‌ಫರ್ಸನ್ ಸತ್ತು ಹನ್ನೊಂದು ವರ್ಷವಾದ ಮೇಲೆ. ಅದರ ಬಹುಭಾಗ ಇಂಗ್ಲಿಷಿನಿಂದ ಮರಳಿ ಗೇಲಿಕ್‌ಗೆ ತಿರುಗಿಸಿದ್ದು. ಸ್ಕಾಟ್ಲೆಂಡಿನ ಹೈಲ್ಯಾಂಡ್ ಸೊಸೈಟಿಯ ಸಮಿತಿ 1805ರಲ್ಲಿ ವರದಿ ಕೊಟ್ಟಾಗಲೇ, ಮ್ಯಾಕ್‌ಫರ್ಸನ್ ಪ್ರಕಟಿಸಿದ ಕಾವ್ಯಗಳಲ್ಲಿ ಒಂದಕ್ಕಾದರೂ ಹೆಸರು, ಧಾಟಿ ಎರಡರಲ್ಲೂ ಹೊಂದುವ ಹಳೆಯ ಪಾಠ ಸಿಗಲಿಲ್ಲ ಎಂದು ಬರೆಯಿತು. ಹಾಗಾಗಿ 1807ರ ಪುಸ್ತಕವನ್ನು ಹೆಸರಿನ ಪ್ರಾಚೀನತೆಗೆ ಸಾಕ್ಷಿಯಾಗಿ ತರುವಂತಿಲ್ಲ. ಸಾಕ್ಷಿ ಬೇಕಿದ್ದರೆ 1760ಕ್ಕಿಂತ ಹಿಂದಿನ ಹಸ್ತಪ್ರತಿಯಲ್ಲೇ ಹುಡುಕಬೇಕು. ಉದಾಹರಣೆಗೆ 1512ರಿಂದ 1542ರ ನಡುವೆ ಬರೆದ ಗೇಲಿಕ್ ಕವಿತೆಗಳ ಹಸ್ತಪ್ರತಿ ‘ಲಿಸ್ಮೋರ್ ಡೀನನ ಪುಸ್ತಕ’.

ಹಳೆಹೊತ್ತಿಗೆ
ಇನ್ನೊಂದು ಕಡೆಯನ್ನೂ ಹೇಳಬೇಕು. 1952ರಲ್ಲಿ ಗೇಲಿಕ್ ವಿದ್ವಾಂಸ ಡೆರಿಕ್ ಥಾಮ್ಸನ್ ಮಾಡಿದ ಕೆಲಸದಿಂದ, ಮ್ಯಾಕ್‌ಫರ್ಸನ್ ಹತ್ತಕ್ಕೂ ಹೆಚ್ಚು ನಿಜವಾದ ಗೇಲಿಕ್ ಲಾವಣಿಗಳನ್ನು ಬಳಸಿದ್ದು ಖಚಿತವಾಗಿದೆ. ಪೂರ್ತಿ ಖೋಟಾ ಎನ್ನುವುದೂ ಅನ್ಯಾಯವೇ. ಆದರೆ ಈ ಚರ್ಚೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಹೆಸರು ಹರಡಿದ ದಾರಿ. ಸ್ಕಾಟ್ಲೆಂಡಿನ ಬೆಟ್ಟಸೀಮೆ ಹೈಲ್ಯಾಂಡ್ಸ್‌ನ ಹಳ್ಳಿಗಳಿಗಿಂತ ಹೆಚ್ಚಾಗಿ ಅದು ಯುರೋಪಿನ ಓದುಗರ ಮನೆಗಳಲ್ಲಿ ಬೆಳೆಯಿತು. ಚೆಸರೊಟ್ಟಿ ಇಟಾಲಿಯನ್ ಅನುವಾದ ತಂದದ್ದು 1763ರಲ್ಲಿ. ನೆಪೋಲಿಯನ್ ಓದಿದ್ದು ಅದನ್ನೇ. ಲೆ ತೂರ್ನರ್‌ನ ಫ್ರೆಂಚ್ ಅನುವಾದ 1777ರದು. 1800ರ ಸುಮಾರಿಗೆ ಮದಾಂ ಕೊತೆಂ ‘ಮಾಲ್ವಿನಾ’ ಎಂಬ ಹೆಸರಿನಲ್ಲೇ ಕಾದಂಬರಿ ಬರೆದರು. ಅದು ರಷ್ಯಾದ ಹಳ್ಳಿಗಳವರೆಗೂ ಹೋಯಿತು: ಪುಷ್ಕಿನ್‌ನ ‘ಒನೇಗಿನ್’ ಎಂಬ ಪದ್ಯ ಕಾದಂಬರಿಯಲ್ಲಿ ತಿರುಗಾಡುವ ವ್ಯಾಪಾರಿಯೊಬ್ಬ ನಾಯಕಿ ತತ್ಯಾನಾಗೆ ಕನಸಿನ ಫಲ ಹೇಳುವ ಪುಸ್ತಕವನ್ನೂ ‘ಮಾಲ್ವಿನಾ’ದ ಬಿಡಿ ಸಂಪುಟವನ್ನೂ ಸೇರಿಸಿ ಮೂರೂವರೆ ರೂಬಲ್‌ಗೆ ಮಾರುತ್ತಾನೆ. ಪೋಲೆಂಡಿನಲ್ಲಿ ಮಾರಿಯಾ ವಿರ್ಟೆಂಬರ್ಸ್ಕಾ 1816ರಲ್ಲಿ ಅದೇ ಹೆಸರಿನ ನಾಯಕಿಯ ಕಾದಂಬರಿ ತಂದರು. ಪೋಲಿಷ್‌ನಲ್ಲಿ ಈ ಹೆಸರು ಇಂದಿಗೂ ಚಾಲ್ತಿಯಲ್ಲಿದೆ. ಹಂಗೇರಿಯಲ್ಲಿ ‘ಮಾಲ್ವಿನ್’ ಎಂದು ಮೊಟಕಾದರೂ ಹೆಣ್ಣಿನ ಹೆಸರಾಗಿಯೇ ಉಳಿಯಿತು. ರಷ್ಯಾದಲ್ಲಿ ಮಾತ್ರ 1936ರ ಬುರಾತಿನೊ ಕಥೆಯ (ಪಿನೋಕಿಯೋದ ರಷ್ಯನ್ ರೂಪ) ನೀಲಿ ಕೂದಲಿನ ಗೊಂಬೆಯ ಹೆಸರಾಗಿ ಎಷ್ಟು ಅಂಟಿಕೊಂಡಿತೆಂದರೆ, ಹೆಸರು ಹೇಳಿದ ಕೂಡಲೇ ನೀಲಿ ಕೂದಲೇ ನೆನಪಾಗುತ್ತದೆ.

1865ರ ಜೂನ್‌ನಲ್ಲಿ ಮ್ಯೂನಿಕ್‌ನಲ್ಲಿ ವ್ಯಾಗ್ನರ್‌ನ ‘ಟ್ರಿಸ್ಟಾನ್ ಮತ್ತು ಇಸೋಲ್ಡೆ’ ಗೀತನಾಟಕದ ಮೊದಲ ಇಸೋಲ್ಡೆಯಾಗಿ ಹಾಡಿದವರು ಮಾಲ್ವಿನಾ ಶ್ನೋರ್ ಫಾನ್ ಕಾರೋಲ್ಸ್‌ಫೆಲ್ಟ್, 1825ರಲ್ಲಿ ಕೋಪನ್‌ಹೇಗನ್‌ನಲ್ಲಿ ಹುಟ್ಟಿದವರು. ಐರ್ಲೆಂಡಿನ ರಾಜಕುಮಾರಿಯ ಪಾತ್ರಕ್ಕೆ ಓಷಿಯನ್ ಕಾವ್ಯದ ಹೆಸರಿನ ಗಾಯಕಿ. ಇದನ್ನು ಹೇಳದೆ ಇರಲಾಗಲಿಲ್ಲ.

ಕಡಲತಡಿ
ಎರಡು ಪ್ರಶ್ನೆ. ನಮ್ಮ ‘ಮಾಲವಿಕಾ’ಗೂ ಇದಕ್ಕೂ ಸಂಬಂಧವಿದೆಯೇ? ಮಂಗಳೂರಿನ ಕಡೆ ಕ್ರೈಸ್ತರಲ್ಲಿ ಮೆಲ್ವಿನ್, ಮೆಲ್ವಿಟಾ ಎಂಬ ಹೆಸರುಗಳಿವೆ, ಅವು ಇದರ ಬಳಗವೇ?

ಪದಮೂಲ
ಮಾಲವಿಕಾ ಮಾಳವ ದೇಶದಿಂದ ಬಂದ ಹೆಸರು, ಸಂಬಂಧವಿಲ್ಲ. ಮೆಲ್ವಿನ್ ಬೇರೆ ಮನೆಯದು: ಸ್ಕಾಟ್ಲೆಂಡಿನ ಮೆಲ್ವಿಲ್ ಎಂಬ ಮನೆತನದ ಹೆಸರಿನ ರೂಪ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮೆಲ್ವಿಲ್ ಅಂತೂ ನಾರ್ಮಂಡಿಯ ಊರಿನ ಹೆಸರಿನಿಂದ ಬಂದದ್ದು, ಫ್ರೆಂಚ್. ಕರಾವಳಿಯಲ್ಲಿ ಓಷಿಯನ್ ಬಳಗದ ಹೆಸರು ಬೇಕಿದ್ದರೆ ಆಸ್ಕರ್ ಇದೆ. ಉಡುಪಿಯ ಸಂಸದರಾಗಿ, ಕೇಂದ್ರ ಸಚಿವರಾಗಿದ್ದ ಆಸ್ಕರ್ ಫರ್ನಾಂಡಿಸ್ ಅವರ ಹೆಸರು ಎಲ್ಲರಿಗೂ ಗೊತ್ತು. ಆ ಹೆಸರು ಕೆಲ್ಟಿಕ್ ನೆಲದ ಹೊರಗೆ ಸಾಮಾನ್ಯವಾದದ್ದಕ್ಕೆ ಮ್ಯಾಕ್‌ಫರ್ಸನ್‌ನೇ ಕಾರಣ. ಫ್ರೆಂಚ್ ಸೇನಾನಿ ಬೆರ್ನಾಡೋಟ್‌ಗೆ 1799ರಲ್ಲಿ ಹುಟ್ಟಿದ ಮಗನಿಗೆ ನೆಪೋಲಿಯನ್ ಜ್ಞಾನಪಿತ (ಗಾಡ್‌ಫಾದರ್); ಆ ಮಗುವಿಗೆ ಆಸ್ಕರ್ ಎಂದು ಹೆಸರಾಯಿತು, ಅವನೇ 1844ರಲ್ಲಿ ಸ್ವೀಡನ್ನಿನ ದೊರೆಯಾದ.

ಪಡುವಣ
ಮಾಲ್ವಿನಾಸ್ ದ್ವೀಪಗಳನ್ನು ಯಾರೂ ಎತ್ತಲಿಲ್ಲ. ಫಾಕ್‌ಲ್ಯಾಂಡ್‌ಗೆ ಅರ್ಜೆಂಟೀನಾದವರು ಹೇಳುವ ಹೆಸರು ಅದು. ಹುಡುಗಿಯ ಹೆಸರಿನಿಂದ ದ್ವೀಪಕ್ಕೆ ಹೆಸರು ಬಂತು ಎಂದು ಬರೆದವರಿದ್ದಾರೆ, ಅದು ತಪ್ಪು. 1764ರಲ್ಲಿ ಬೂಗೆನ್‌ವಿಲ್ ಅಲ್ಲಿ ಊರು ಕಟ್ಟಿದಾಗ ಹಡಗುಗಳು ಹೊರಟದ್ದು ಬ್ರಿಟನಿಯ ಸೆಂ ಮಾಲೊ ಬಂದರಿನಿಂದ. ಅಲ್ಲಿಯವರು ‘ಮಾಲುಇನ್’ಗಳು, ದ್ವೀಪಗಳು ‘ಮಾಲುಇನ್’ ಆದವು, ಸ್ಪ್ಯಾನಿಷ್ ಬಾಯಲ್ಲಿ ‘ಮಾಲ್ವಿನಾಸ್’. ಆ ಬಂದರಿಗೆ ಹೆಸರು ಕೊಟ್ಟ ಸಂತ ಮಾಲೊ ವೇಲ್ಸ್‌ನಿಂದ ಬಂದವನೆಂದು ಪ್ರತೀತಿ. ಅಂದರೆ ಅರ್ಜೆಂಟೀನಾದ ಮಾಲ್ವಿನಾ ಇನ್ನೊಂದು ಕೆಲ್ಟಿಕ್ ದಾರಿಯಲ್ಲಿ ಬಂದಿರಬಹುದು! 1830ರ ಫೆಬ್ರವರಿಯಲ್ಲಿ ದ್ವೀಪದ ಆಡಳಿತ ನೋಡಿಕೊಳ್ಳುತ್ತಿದ್ದ ಲೂಯಿಸ್ ವೆರ್ನೆತ್‌ಗೆ ಅಲ್ಲೇ ಮಗಳು ಹುಟ್ಟಿದಳು. ಮತಿಲ್ದೆ ಎಂಬ ಹೆಸರಿದ್ದರೂ ಮಾಲ್ವಿನಾ ಎಂದೇ ಕರೆದರು, ಅದು ದ್ವೀಪದಿಂದ ಬಂದದ್ದು. ಅಲ್ಲಿಯ ಮಾಲ್ವಿನಾಗಳನ್ನು ಲೆಕ್ಕ ಹಾಕಿ ‘ಓಷಿಯನ್ ಪ್ರಭಾವ’ ಎಂದು ಬರೆಯುವುದು ಸರಿಯಲ್ಲ.

ಅಂಕಿಅಂಶ
ಅಪರೂಪ ಎನ್ನುವ ಮಾತಿಗೂ ಅಳತೆ ಬೇಕು. ‘ಪಟ್ಟಿಯಲ್ಲಿ ಇಲ್ಲ, ಆದ್ದರಿಂದ ಯಾರೂ ಇಟ್ಟಿಲ್ಲ’ ಎಂಬ ತೀರ್ಮಾನವೇ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು. ಖಾಸಗಿತನ ಕಾಪಾಡಲು ಹಲವು ದೇಶಗಳು ಸಣ್ಣ ಸಂಖ್ಯೆಗಳನ್ನು ಮುಚ್ಚುತ್ತವೆ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ (ಸಾಮಾಜಿಕ ಭದ್ರತೆ) ಇಲಾಖೆಯ ಹೆಸರುಗಳ ಕಡತದಲ್ಲಿ ವರ್ಷಕ್ಕೆ 5ಕ್ಕಿಂತ ಕಡಿಮೆ ಮಕ್ಕಳಿದ್ದ ಹೆಸರು ಕಾಣದು. ಇಂಗ್ಲೆಂಡ್–ವೇಲ್ಸ್‌ನಲ್ಲಿ, ಐರ್ಲೆಂಡಿನಲ್ಲಿ ಆ ಗಡಿ 3. ಫ್ರಾನ್ಸಿನ ಅಂಕಿಅಂಶ ಸಂಸ್ಥೆ ಇನ್ಸೇಯ ಕಡತ 1900ರಿಂದ ಇದೆ, ಆದರೆ ಅಪರೂಪದ ಹೆಸರುಗಳನ್ನೆಲ್ಲ ಒಂದೇ ಸಾಲಿಗೆ ಕೂಡಿಸಿಬಿಡುತ್ತದೆ. ನಕ್ಷೆ ಬಿಡಿಸುವ ಜಾಲತಾಣಗಳು ಈ ಖಾಲಿ ಜಾಗಗಳನ್ನು ಸೊನ್ನೆ ಎಂದು ತುಂಬುತ್ತವೆ. ಗೆರೆ ಸತ್ತು ಮತ್ತೆ ಹುಟ್ಟಿದಂತೆ ಕಾಣುವುದು ಅದರಿಂದ.

ಎರಡನೆಯದು ರ‍್ಯಾಂಕು. ಪಟ್ಟಿಯ ಬಾಲದಲ್ಲಿ ಒಂದೇ ಸಂಖ್ಯೆಯ ಸಾವಿರಾರು ಹೆಸರುಗಳಿರುತ್ತವೆ. 3 ಮಕ್ಕಳಿಂದ 4 ಆದರೆ ನೂರಾರು ಸ್ಥಾನ ಜಿಗಿಯುತ್ತದೆ. ‘ಜನಪ್ರಿಯತೆ ದಿಢೀರ್ ಏರಿತು’ ಎಂಬ ಸುದ್ದಿಯ ಹಿಂದೆ ಒಂದು ಮಗು ಇರಬಹುದು. ಅಪರೂಪದ ಹೆಸರಿಗೆ ರ‍್ಯಾಂಕು ಬಿಟ್ಟು ಸಂಖ್ಯೆ ನೋಡಿ, ಹತ್ತು ವರ್ಷದ ಮೊತ್ತ ಕೂಡಿ, ಹತ್ತು ಲಕ್ಷ ಜನನಕ್ಕೆ ಎಷ್ಟು ಎಂದು ಭಾಗಿಸಿ. ಬೇರೆ ಬೇರೆ ಸ್ಪೆಲ್ಲಿಂಗುಗಳನ್ನು ಬಹುತೇಕ ಕಚೇರಿಗಳು ಕೂಡಿಸಿ ಕೊಡುವುದಿಲ್ಲ, ನೀವೇ ಕೂಡಬೇಕು.

ಮೂರನೆಯದು ಹಳೆಯ ಅಮೆರಿಕನ್ ಅಂಕಿಗಳು. ಕಡತ 1880ರಿಂದ ಶುರುವಾಗುತ್ತದೆ, ಆದರೆ ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಕೊಡತೊಡಗಿದ್ದು 1936ರ ಕೊನೆಗೆ. ಅಷ್ಟರೊಳಗೆ ತೀರಿಕೊಂಡವರು, ಅರ್ಜಿಯನ್ನೇ ಹಾಕದ ಗೃಹಿಣಿಯರು ಲೆಕ್ಕಕ್ಕೆ ಬರಲಿಲ್ಲ. ಮಾಲ್ವಿನಾ ಚೆನ್ನಾಗಿ ಚಾಲ್ತಿಯಲ್ಲಿದ್ದದ್ದೇ ಆ ಪೀಳಿಗೆಯಲ್ಲಿ: ಶಿಲ್ಪಿ ಮಾಲ್ವಿನಾ ಹಾಫ್‌ಮನ್ 1885ರವರು, ಹಾಡುಗಾರ್ತಿ ಮಾಲ್ವಿನಾ ರೆನಾಲ್ಡ್ಸ್ 1900ರವರು. ಆದ್ದರಿಂದ ಆ ಕಾಲದ ಸಂಖ್ಯೆಯನ್ನು ಕನಿಷ್ಠ ಎಂದೇ ಓದಬೇಕು. 1880ಕ್ಕಿಂತ ಹಿಂದಿನದಕ್ಕೆ ಜನಗಣತಿಯ ಹಾಳೆಗಳೇ ಗತಿ.

ಸಂಧಿಪ್ರಿಯ
ಸ್ಕಾಟ್ಲೆಂಡಿನ ದಾಖಲೆಯಲ್ಲಿ ಹುಡುಕುವವರಿಗೆ ಕ್ರಮ ಹೇಳಿ. ಮೆಲ್ವಿನಾ ಎಂದಿದ್ದರೆ ಅದನ್ನು ಮಾಲ್ವಿನಾ ಎಂದು ಎಣಿಸಬಹುದೇ?

ಹಳೆಹೊತ್ತಿಗೆ
ಕಣ್ಣುಮುಚ್ಚಿ ಎಣಿಸಬಾರದು. ಹೈಲ್ಯಾಂಡ್ಸ್‌ನಲ್ಲಿ ಗಂಡಿನ ಹೆಸರಿಗೆ ‘ಇನಾ’ ಹಚ್ಚಿ ಹೆಣ್ಣಿನ ಹೆಸರು ಮಾಡುವ ವಾಡಿಕೆ ಬಲವಾಗಿತ್ತು: ಡೊನಾಲ್ಡಿನಾ, ಹ್ಯೂಯಿನಾ, ಮರ್ಡಿನಾ. ಮೆಲ್ವಿನ್ ಎಂಬ ಅಜ್ಜನ ಹೆಸರಿನಿಂದ ಮೆಲ್ವಿನಾ ಆಗಿರಬಹುದು, ಓಷಿಯನ್‌ಗೂ ಅದಕ್ಕೂ ನಂಟಿರದು.

ಸ್ಕಾಟ್ಲೆಂಡಿನ ಹಳೆಯ ದಾಖಲೆಗಳ ಸರ್ಕಾರಿ ತಾಣ ಸ್ಕಾಟ್ಲೆಂಡ್ಸ್‌ಪೀಪಲ್‌ನಲ್ಲಿ ಮೊದಲು 1855ರಿಂದ ಈಚಿನ ಸರ್ಕಾರಿ ಜನನ ನೋಂದಣಿ ನೋಡಿ. ಆ ವರ್ಷದಿಂದ ನೋಂದಣಿ ಕಡ್ಡಾಯವಾದ್ದರಿಂದ ತಂದೆ, ತಾಯಿಯ ತವರಿನ ಹೆಸರು ಎರಡೂ ಸಿಗುತ್ತವೆ. ಹಿಂದಿನದು ಚರ್ಚಿನ ದೀಕ್ಷಾಸ್ನಾನದ ಪುಸ್ತಕ, ಅದರಲ್ಲಿ ಬಿಟ್ಟುಹೋದ ಮಕ್ಕಳು ಬಹಳ. ಸ್ವರಗಳ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ ಹುಡುಕಿದರೆ ಮಾಲ್ವಿನಾ, ಮೆಲ್ವಿನಾ, ಮಾಲ್ವೆನಾ ಒಟ್ಟಿಗೆ ಬರುತ್ತವೆ. ಸೂಚಿ ಮಾಡಿದವರು ಹಳೆಯ ಕೈಬರಹ ತಪ್ಪಾಗಿ ಓದಿರುವುದುಂಟು, ಹಾಗಾಗಿ ಹಣ ಕೊಟ್ಟಾದರೂ ಮೂಲ ಪುಟದ ಚಿತ್ರ ನೋಡಬೇಕು. ಆಮೇಲೆ ತಂದೆ, ಇಬ್ಬರು ಅಜ್ಜಂದಿರ ಹೆಸರು ಬರೆದುಕೊಳ್ಳಿ. ಅವರಲ್ಲಿ ಮೆಲ್ವಿನ್ ಅಥವಾ ಮೆಲ್ವಿಲ್ ಇದ್ದರೆ ಆ ಹುಡುಗಿಯನ್ನು ಬೇರೆ ಕಲಮಿಗೆ ಹಾಕಿ. ಒಡಹುಟ್ಟಿದವರಲ್ಲಿ ಆಸ್ಕರ್, ಫಿಂಗಲ್, ಸೆಲ್ಮಾ ಕಂಡರೆ ಆ ಮನೆಯ ಮೇಲೆ ಓಷಿಯನ್ ಪ್ರಭಾವ ಇದ್ದಿರಬಹುದೆಂದು ಬರೆಯಬಹುದು. ಸೆಲ್ಮಾ ಅಂತೂ ಮ್ಯಾಕ್‌ಫರ್ಸನ್‌ನಲ್ಲಿ ಫಿಂಗಲ್‌ನ ಅರಮನೆಯ ಹೆಸರು. ಅದನ್ನು ಹೆಣ್ಣಿನ ಹೆಸರು ಮಾಡಿಕೊಂಡವರು ಓದುಗರೇ.