ನರಕ್ಕೆ ಪೆಟ್ಟು ಕೊಡದ ಕೀಮೋ ಔಷಧ ಯಾಕಿನ್ನೂ ಬಂದಿಲ್ಲ?

ಮಲ್ಲಿಗೆಮೊಗ್ಗು:
ಅಮ್ಮನಿಗೆ ಸ್ತನ ಕ್ಯಾನ್ಸರ್. ವಾರಕ್ಕೊಂದರಂತೆ ಪ್ಯಾಕ್ಲಿಟ್ಯಾಕ್ಸೆಲ್ ಕೊಡುತ್ತಿದ್ದಾರೆ, 8 ಮುಗಿದಿದೆ. ಕೂದಲು ಉದುರಿದ್ದಕ್ಕೆ ಅವರು ಅಷ್ಟು ಬೇಜಾರು ಮಾಡಿಕೊಳ್ಳಲಿಲ್ಲ. ಈಗ ಬೆರಳ ತುದಿ ಜೋಮು ಹಿಡಿದ ಹಾಗಿದೆ. ಕಣ್ಣು ಮುಚ್ಚಿಕೊಂಡು ಮೊಳಗಟ್ಟಲೆ ಮಲ್ಲಿಗೆ ಕಟ್ಟುತ್ತಿದ್ದವರು ನಿನ್ನೆ ಮೊಗ್ಗು ಕೈಯಲ್ಲಿದೆಯೋ ಬಿದ್ದಿದೆಯೋ ಅಂತ ಪ್ರತಿ ಸಲ ಬಗ್ಗಿ ನೋಡುತ್ತಿದ್ದರು. ಈ ಔಷಧ ಕೋಶ ಒಡೆದು ಎರಡಾಗುವುದನ್ನು ತಡೆಯುತ್ತದೆ ಅಂತ ಓದಿದೆ. ಆದರೆ ನರದ ಕೋಶ ಒಡೆಯುವುದೇ ಇಲ್ಲ ಅಲ್ವಾ? ವಿಭಜನೆಯನ್ನು ಮಾತ್ರ ತಡೆಯುವ ಹೊಸ ಔಷಧ ಯಾರೂ ಮಾಡುತ್ತಿಲ್ಲವೇ?

ಲ್ಯಾಬ್‌ಕೋಟು:
ಸರಿಯಾದ ಪ್ರಶ್ನೆ. ಕೋಶ ಎರಡಾಗುವಾಗ ಕ್ರೋಮೋಸೋಮ್‌ಗಳನ್ನು ಎರಡು ಕಡೆಗೆ ಎಳೆಯಲು ಮೈಕ್ರೊಟ್ಯೂಬ್ಯೂಲ್ ಎಂಬ ಸಣ್ಣ ಕೊಳವೆಗಳು ಬೇಕು. ಅವು ಬೆಳೆಯುತ್ತಾ ಕರಗುತ್ತಾ ಇರಬೇಕು. ಪ್ಯಾಕ್ಲಿಟ್ಯಾಕ್ಸೆಲ್ ಅವನ್ನು ಕರಗದ ಹಾಗೆ ಬಿಗಿ ಮಾಡುತ್ತದೆ, ಇದನ್ನು 1979ರಲ್ಲಿ ಅಮೆರಿಕದ ವಿಜ್ಞಾನಿ ಸೂಸನ್ ಹಾರ್ವಿಟ್ಜ್ ತೋರಿಸಿದರು. ನಮ್ಮ ಅಂಗಳದ ನಿತ್ಯಪುಷ್ಪ ಗಿಡದಿಂದ ಬರುವ ವಿನ್‌ಕ್ರಿಸ್ಟಿನ್ ಉಲ್ಟಾ, ಕೊಳವೆ ಕಟ್ಟಲೇ ಬಿಡುವುದಿಲ್ಲ. ಎರಡರಿಂದಲೂ ನರಕ್ಕೆ ತೊಂದರೆ, ಯಾಕೆಂದರೆ ನರದ ಎಳೆಯೊಳಗೆ ಸಾಮಾನು ಸಾಗುವುದು ಇದೇ ಕೊಳವೆಗಳ ಮೇಲೆ, ರೈಲು ಹಳಿ ಇದ್ದ ಹಾಗೆ. ಬೆನ್ನುಹುರಿಯ ಪಕ್ಕದಿಂದ ಕಾಲ್ಬೆರಳಿನ ತನಕ ಒಂದೊಂದು ಎಳೆ ಸುಮಾರು 1 ಮೀಟರ್ ಉದ್ದ. ಉದ್ದ ಜಾಸ್ತಿ ಇದ್ದಷ್ಟೂ ತುದಿಗೆ ಬೇಗ ಕಷ್ಟ.

ನೀವು ಕೇಳಿದಂಥ ಔಷಧ ಮಾಡಿಯೂ ನೋಡಿದ್ದಾರೆ. ಇಜಿ5 ಎಂಬ ಪ್ರೋಟೀನ್‌ಗೆ ವಿಭಜನೆಯಲ್ಲೇ ಮುಖ್ಯ ಕೆಲಸ. ಅದನ್ನು ತಡೆಯುವ ಮೊನಾಸ್ಟ್ರಾಲ್ 1999ರಲ್ಲಿ ಸಿಕ್ಕಿತು, ಆಮೇಲೆ ಇಸ್ಪಿನೆಸಿಬ್ ರೋಗಿಗಳ ತನಕ ಬಂತು. ನರಗಳು ಹೆಚ್ಚುಕಡಿಮೆ ಉಳಿದವು, ಆದರೆ ಗಡ್ಡೆ ಹೆಚ್ಚು ಕರಗಲಿಲ್ಲ. ಲ್ಯಾಬಿನ ತಟ್ಟೆಯಲ್ಲಿ ಕೋಶ ದಿನಕ್ಕೊಮ್ಮೆ ಒಡೆಯುತ್ತದೆ, ಮೈಯೊಳಗಿನ ಗಡ್ಡೆಯಲ್ಲಿ ಯಾವ ಹೊತ್ತಿಗೆ ನೋಡಿದರೂ ಒಡೆಯುತ್ತಿರುವ ಕೋಶಗಳು ಕೆಲವೇ ಕೆಲವು. ಬಿಳಿಕಣ ಹುಟ್ಟುವ ಮೂಳೆಮಜ್ಜೆಯಲ್ಲಿ ಕೋಶಗಳು ಸದಾ ಒಡೆಯುತ್ತಿರುತ್ತವೆ, ಹಾಗಾಗಿ ಗಡ್ಡೆ ಕರಗುವಷ್ಟರಲ್ಲಿ ರಕ್ತದ ಬಿಳಿಕಣ ಇಳಿದುಬಿಡುತ್ತದೆ. ಇಷ್ಟು ಚಂದದ ಯೋಚನೆ ಹೀಗಾಯಿತಲ್ಲ ಅಂತ ನನಗೆ ಈಗಲೂ ಸಂಕಟ ಆಗುತ್ತದೆ.

ತುಂಗಾತೀರ:
ಈಗಿನ ಆಸೆ ಕೆಐಎಫ್18ಎ ಎಂಬ ಇನ್ನೊಂದು ಪ್ರೋಟೀನ್ ಮೇಲೆ. ಕ್ರೋಮೋಸೋಮ್ ಲೆಕ್ಕ ತಪ್ಪಿದ ಕ್ಯಾನ್ಸರ್ ಕೋಶಗಳಿಗೆ ಅದಿಲ್ಲದೆ ವಿಭಜನೆ ಕಷ್ಟ, ಆರೋಗ್ಯವಂತ ಕೋಶ ಹೇಗೋ ನಿಭಾಯಿಸುತ್ತದೆ ಅಂತ 2021ರ ಸಂಶೋಧನೆಗಳು ತೋರಿಸಿದವು. ಆ ಪ್ರೋಟೀನ್ ಕೆಲಸ ಮಾಡದ ಇಲಿಗಳು ಬದುಕುತ್ತವೆ, ಆದರೆ ಗಂಡಿಗೆ ಮರಿ ಆಗುವುದಿಲ್ಲ. ಇದನ್ನು ತಡೆಯುವ ಔಷಧಗಳ ಪರೀಕ್ಷೆ ರೋಗಿಗಳಲ್ಲೂ ಶುರುವಾಗಿದೆ. ಎಲ್ಲವನ್ನೂ ತಡೆಯುವುದಕ್ಕಿಂತ ಕ್ಯಾನ್ಸರ್ ಕೋಶಕ್ಕೆ ಮಾತ್ರ ಬೇಕಾದ್ದನ್ನು ಹುಡುಕುವುದೇ ಸರಿ ದಾರಿ ಅಂತ ನನಗನ್ನಿಸುತ್ತದೆ.

ಅಕ್ಕರೆ:
ನನಗೂ ಇದೇ ಔಷಧ ಕೊಟ್ಟಿದ್ದರು. ಜೋಮನ್ನು ಸುಮ್ನೆ ಸಹಿಸಿಕೊಂಡು ಕೂತುಬಿಟ್ಟೆ, ಹಾಗೆ ಮಾಡಬಾರದಿತ್ತು. ಮುಂದಿನ ಡೋಸ್‌ಗೆ ಮೊದಲೇ ಡಾಕ್ಟರಿಗೆ ಹೇಳಿ, ಬೇಕಾದರೆ ಡೋಸ್ ಇಳಿಸುತ್ತಾರೆ ಇಲ್ಲವೇ ಸ್ವಲ್ಪ ಮುಂದೂಡುತ್ತಾರೆ. ರವಿಕೆ ಹುಕ್ಕು ಹಾಕಲು ಆಗುತ್ತಾ ಅಂತ ಅಮ್ಮನನ್ನು ಕೇಳಿ ನೋಡಿ. ಬಿಸಿನೀರು ಕಾಲಿಗೆ ಗೊತ್ತಾಗುವುದಿಲ್ಲ, ಹುಷಾರು.

ಮಲ್ಲಿಗೆಮೊಗ್ಗು:
ಕೇಳಿದೆ. 2 ವಾರದಿಂದ ಹುಕ್ಕನ್ನು ಅತ್ತಿಗೆ ಹಾಕಿಕೊಡುತ್ತಿದ್ದಾರಂತೆ, ನಮಗೆ ಗೊತ್ತೇ ಇರಲಿಲ್ಲ. ನಾಳೆ ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡುತ್ತೇನೆ.